ದುರ್ಗದ ಬೈಲಿನ ಜಾಣತನ ಮತ್ತು ಜಗತ್ತಿನ ಇಂಗ್ಲಿಷ್

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆ ಹೊತ್ತು ಯಾವುದಾದರೂ ಬಳೆ ಅಂಗಡಿ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತು ಕೇಳಿ. ಕುಂದಗೋಳ ಕಡೆಯಿಂದ ಬಂದ ಹೆಂಗಸಿನ ಜೊತೆ ಅಂಗಡಿಯವ ಕನ್ನಡದಲ್ಲಿ ಚೌಕಾಶಿ ನಡೆಸಿರುತ್ತಾನೆ. ಪಕ್ಕದ ಸಾಹೇಬರ ಹತ್ತಿರ ಚಿಲ್ಲರೆ ಕೇಳುವುದು ದಖನಿ ಉರ್ದುವಿನಲ್ಲಿ, ಸಗಟು ಮಾಲು ತಂದ ಮಾರವಾಡಿಯ ಜೊತೆ ಹಿಂದಿ, ಬೆಳಗಾವಿ ಕಡೆಯ ಗಿರಾಕಿ ಬಂದರೆ ಮರಾಠಿ. ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವನಾಗಿದ್ದರೆ ಮನೆಗೆ ಫೋನ್ ಹಚ್ಚಿದಾಗ ಇವ್ಯಾವೂ ಅಲ್ಲದ ಇನ್ನೊಂದು ಮಾತು. ಅವನ ಮರಾಠಿ ಕೇಳಿದರೆ ಪುಣೆಯ ಮೇಷ್ಟ್ರು ಹಣೆ ಬಡಿದುಕೊಂಡಾರು. ಹಿಂದಿಯಲ್ಲಿ ಗಾಡಿ ಯಾವಾಗಲೂ ‘ಆಯಾ’, ಒಮ್ಮೆಯೂ ‘ಆಯೀ’ ಅಲ್ಲ. ಆದರೂ ಇಪ್ಪತ್ತು ವರ್ಷದಲ್ಲಿ ಅವನ ಒಂದು ವ್ಯಾಪಾರವೂ ಲಿಂಗದೋಷಕ್ಕೆ ಕೆಟ್ಟಿಲ್ಲ.

ಇಂಥವನ ಮನೆಯ ಹುಡುಗನನ್ನು ಸಾಲಿಯಲ್ಲಿ ಇಂಗ್ಲಿಷ್ ತಾಸಿಗೆ ಕೂಡಿಸಿ. ನಾಲ್ಕು ಭಾಷೆ ಆಡುವವ ಅಲ್ಲಿ ಬಾಯಿ ಬಿಡುವುದಿಲ್ಲ. ಯಾಕೆ ಹೀಗೆ? ಈ ಪ್ರಶ್ನೆಗೆ ಕಳೆದ ಮೂರು-ನಾಲ್ಕು ದಶಕಗಳಲ್ಲಿ ಭಾಷಾವಿಜ್ಞಾನಿಗಳು ಕೊಟ್ಟಿರುವ ಉತ್ತರ ನಮ್ಮ ಶಿಕ್ಷಕರ ಕೋಣೆಗಳಿಗೆ ಇನ್ನೂ ಸರಿಯಾಗಿ ಬಂದು ಮುಟ್ಟಿಲ್ಲ. ನಾನೂ ಇಂಗ್ಲಿಷ್ ಕಲಿಸುವವನೇ. ತಡವಾಗಿ ತಿಳಿದುಕೊಂಡೆ.

ಮೊದಲು ಹೆಸರಿನ ವಿಷಯ. ಒಬ್ಬರಿಗೊಬ್ಬರ ಮನೆಮಾತು ಬಾರದ ಇಬ್ಬರು ನಡುವೆ ಇಟ್ಟುಕೊಂಡು ಬಳಸುವ ಮೂರನೆಯ ಮಾತಿಗೆ ‘ಲಿಂಗ್ವಾ ಫ್ರಾಂಕಾ’ ಎನ್ನುತ್ತಾರೆ. ಕನ್ನಡದಲ್ಲಿ ಸಂಪರ್ಕ ಭಾಷೆ. ಮಧ್ಯಯುಗದಿಂದ ಮೆಡಿಟರೇನಿಯನ್ ಬಂದರುಗಳಲ್ಲಿ ಹಡಗಿನವರು, ವ್ಯಾಪಾರಿಗಳು ಆಡುತ್ತಿದ್ದ ಒಂದು ಮಿಶ್ರ ಭಾಷೆಯಿಂದ ಈ ಹೆಸರು ಬಂತು. ಅದರ ಅಸ್ತಿಭಾರ ಇಟಲಿಯ ಮಾತುಗಳದ್ದು; ಮೇಲೆ ಸ್ಪ್ಯಾನಿಷ್, ಅರಬ್ಬಿ, ತುರ್ಕಿ ಪದಗಳ ಗಿಲಾವು. ಅದು ಯಾರ ಮನೆಯ ಮಾತೂ ಆಗಿರಲಿಲ್ಲ. ಆದ್ದರಿಂದ ‘ನಿನ್ನ ಉಚ್ಚಾರ ತಪ್ಪು’ ಎನ್ನುವ ಹಕ್ಕುದಾರನೂ ಇರಲಿಲ್ಲ.

ಇಂಗ್ಲಿಷಿಗೆ ಅಂಥ ಹಕ್ಕುದಾರರು ಇದ್ದಾರೆ. ಗೊಂದಲ ಶುರುವಾಗುವುದೇ ಅಲ್ಲಿ. ಶ್ರೀನಗರದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ಬ್ರಜ್ ಕಚ್ರು 1985ರಲ್ಲಿ ಇಂಗ್ಲಿಷಿನ ಜಗತ್ತನ್ನು ಮೂರು ವರ್ತುಲಗಳಾಗಿ ಬರೆದು ತೋರಿಸಿದರು. ಒಳಗಿನದು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾದಂಥವು. ನಡುವಿನದು ಭಾರತ, ನೈಜೀರಿಯಾ, ಸಿಂಗಾಪುರದಂಥ, ವಸಾಹತು ಕಾಲದಲ್ಲಿ ಇಂಗ್ಲಿಷ್ ಬಂದು ನೆಲೆಯೂರಿದ ದೇಶಗಳು. ಹೊರಗಿನದು ಚೀನಾ, ಜಪಾನ್, ಬ್ರೆಜಿಲ್‌ನಂಥವು. ಒಳಗಿನ ವರ್ತುಲದವರಿಗಿಂತ ಹೊರಗಿನ ಎರಡರಲ್ಲಿ ಇಂಗ್ಲಿಷ್ ಆಡುವವರು ಎಷ್ಟೋ ಪಟ್ಟು ಹೆಚ್ಚು. ನಮ್ಮ ಲೆಕ್ಕವನ್ನೇ ನೋಡಿ: 2011ರ ಜನಗಣತಿಯಲ್ಲಿ ಇಂಗ್ಲಿಷ್ ತಮ್ಮ ತಾಯ್ನುಡಿ ಎಂದವರು ಸುಮಾರು 2.6 ಲಕ್ಷ, ಎರಡನೆಯ ಇಲ್ಲವೇ ಮೂರನೆಯ ಭಾಷೆಯಾಗಿ ಅದು ಬರುತ್ತದೆ ಎಂದವರು 12 ಕೋಟಿಗೂ ಮೇಲೆ. ಅಂದರೆ ನಮ್ಮ ಹುಡುಗ ನಾಳೆ ಇಂಗ್ಲಿಷ್ ಆಡುವುದು ಹೆಚ್ಚಾಗಿ ತನ್ನಂತೆಯೇ ಅದನ್ನು ಕಲಿತವರ ಜೊತೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಥಾಯ್ಲೆಂಡಿನ ಖರೀದಿದಾರನೊಡನೆ ಮಾತಾಡಿದರೆ ಇಬ್ಬರಿಗೂ ಇಂಗ್ಲಿಷ್ ಎರವಲು ಕೊಡೆ. ಆಗ್ನೇಯ ಏಷ್ಯಾದ ಆಸಿಯಾನ್ ಕೂಟವಂತೂ 2007ರ ತನ್ನ ಸನ್ನದಿನಲ್ಲಿಯೇ ಇಂಗ್ಲಿಷನ್ನು ಕೆಲಸದ ಭಾಷೆ ಎಂದು ಬರೆದುಕೊಂಡಿದೆ.

ಹಾಗಿದ್ದರೆ ಅಳತೆಗೋಲು ಯಾವುದು? ಲಂಡನ್ನಿನವನಂತೆ ಆಡಿದನೋ ಇಲ್ಲವೋ ಎಂಬುದೋ, ಎದುರಿನವನಿಗೆ ತಿಳಿಯಿತೋ ಇಲ್ಲವೋ ಎಂಬುದೋ?

ನನ್ನ ಏಳನೇ ಇಯತ್ತೆಯ ಮಾಸ್ತರು ಮೊದಲನೆಯದನ್ನು ಹಿಡಿದಿದ್ದರು. ‘ಎಗ್’ ಅನ್ನಲು ಹೋಗಿ ‘ಯೆಗ್ಗು’ ಅಂದದ್ದಕ್ಕೆ ಒಂದು ಪೀರಿಯಡ್ ಪೂರ್ತಿ ನಿಲ್ಲಿಸಿದ್ದರು. ಮಾಸ್ತರು ಕೆಟ್ಟವರಾಗಿರಲಿಲ್ಲ, ಅವರಿಗೆ ಕೊಟ್ಟ ಅಳತೆಗೋಲೇ ಅದು. ಆದರೆ ಜಗತ್ತಿನ ಯಾವ ಹೋಟೆಲಿನಲ್ಲಿ ಯೆಗ್ಗು ಕೇಳಿದರೂ ತತ್ತಿಯೇ ಬರುತ್ತದೆ. ಆವತ್ತು ಅವರು ತಿದ್ದದೇ ಬಿಟ್ಟ ಬೇರೆ ತಪ್ಪುಗಳು ನನಗೆ ಮುಂದೆ ನಿಜವಾಗಿ ಕಾಡಿದವು.

ಯಾವ ತಪ್ಪು ಕೆಲಸ ಕೆಡಿಸುತ್ತದೆ, ಯಾವುದು ಬರೀ ಊರಿನ ಗುರುತು ಎಂದು ಬೇರ್ಪಡಿಸಿ ನೋಡಿದವರು ಬ್ರಿಟನ್ನಿನ ಜೆನಿಫರ್ ಜೆಂಕಿನ್ಸ್. ಬೇರೆ ಬೇರೆ ತಾಯ್ನುಡಿಯವರು ಪರಸ್ಪರ ಇಂಗ್ಲಿಷ್ ಆಡುವಾಗ ಮಾತು ಎಲ್ಲಿ ತಪ್ಪಿಹೋಗುತ್ತದೆ ಎಂದು ಗಮನಿಸಿ, 2000ರಲ್ಲಿ ಉಚ್ಚಾರದ ಒಂದು ‘ತಿರುಳು’ ಪಟ್ಟಿಯನ್ನು ಮುಂದಿಟ್ಟರು. ಅದನ್ನು ಧಾರವಾಡದ ಕಿವಿಯಲ್ಲಿ ಕೇಳಿದರೆ ಸ್ವಾರಸ್ಯವಾಗಿದೆ.

‘ಥಿಂಕ್’, ‘ದಿಸ್’ ಅನ್ನುವಾಗ ನಾಲಿಗೆಯನ್ನು ಹಲ್ಲಿನ ನಡುವೆ ತೂರಿಸಬೇಕು ಎಂದು ನಾವು ವರ್ಷಗಟ್ಟಲೆ ಹೆಣಗುತ್ತೇವೆ. ಜೆಂಕಿನ್ಸ್ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ನಮ್ಮ ಥ, ದ ಸಾಕು. ಸ್ವರದ ಹ್ರಸ್ವ-ದೀರ್ಘ ಮಾತ್ರ ಬಿಡುವ ಹಾಗಿಲ್ಲ: ಶಿಪ್ ಬೇರೆ, ಶೀಪ್ ಬೇರೆ, ಫುಲ್ ಬೇರೆ, ಫೂಲ್ ಬೇರೆ. ಸ್ಪ್ಯಾನಿಷ್ ತಾಯ್ನುಡಿಯವರು ಇಲ್ಲಿ ಬೆವರುತ್ತಾರೆ. ಕನ್ನಡದ ಕೂಸಿಗೆ ‘ಬಳೆ’ ಮತ್ತು ‘ಬಾಳೆ’, ‘ಬಿಡು’ ಮತ್ತು ‘ಬೀಡು’ ತೊಟ್ಟಿಲಲ್ಲೇ ಬಂದಿರುತ್ತದೆ. ಈ ಉಚಿತ ಬಂಡವಾಳವನ್ನು ಯಾವ ಇಂಗ್ಲಿಷ್ ಮಾಸ್ತರೂ ಹುಡುಗರಿಗೆ ತೋರಿಸಿ ‘ಇದು ನಿಮಗ ಆಗಲೇ ಬರ್ತದ’ ಎಂದು ಹೇಳಿದ್ದು ನಾನು ಕೇಳಿಲ್ಲ.

ಇನ್ನು ನಾವು ಬೆವರಬೇಕಾದ ಜಾಗಗಳು. ನಮ್ಮ ಕಡೆ ‘ಶಾಲೆ’ ಸಾಲಿಯಾಗುತ್ತದೆ, ‘ಶನಿವಾರ’ ಸನಿವಾರ. ಕನ್ನಡದಲ್ಲಿ ಏನೂ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಶೀಟು ಕೇಳಿದವನಿಗೆ ಸೀಟು ಸಿಗುತ್ತದೆ. ಫ ಮತ್ತು ಪ ಒಂದಾದರೆ ಕಾಫಿಗೂ ಕಾಪಿಗೂ ವ್ಯತ್ಯಾಸ ಉಳಿಯದು. ಇವು ತಿದ್ದಲೇಬೇಕಾದವು. ಪದದ ಕೊನೆಗೆ ಉಕಾರ ಹಚ್ಚಿ ಬಸ್ಸು, ಕಾರು, ಟೇಬಲ್ಲು ಅನ್ನುವುದು ಅಷ್ಟು ದೊಡ್ಡ ಅಪರಾಧವಲ್ಲ. ಏಕೆಂದರೆ ಕೂಡಿಸುವುದಕ್ಕಿಂತ ಕಳೆಯುವುದು ಹೆಚ್ಚು ತೊಂದರೆ ಕೊಡುತ್ತದೆ. ದಖನಿ ಮನೆಯ ಹುಡುಗ ‘ಇಸ್ಟೇಷನ್’ ಅನ್ನುತ್ತಾನೆ, ಹಳ್ಳಿಯ ನಮ್ಮ ಅಜ್ಜ ‘ಟೇಸನ್’. ಕ್ಲಾಸಿನಲ್ಲಿ ಇಬ್ಬರೂ ನಗೆಗೀಡಾಗುತ್ತಾರೆ. ಹೊರಗಿನ ಕಿವಿಗೆ ಮೊದಲನೆಯವನ ಪದ ಸಿಗುತ್ತದೆ, ಸಕಾರ ನುಂಗಿದ ಎರಡನೆಯದು ಸಿಗುವುದು ಕಷ್ಟ.

ಪಟ್ಟಿಯಲ್ಲಿ ಇನ್ನೊಂದು ವಿಚಿತ್ರ ಬಾಬತ್ತು ಇದೆ, ಅದು ನಮಗೆ ಸಿದ್ಧ ಅನ್ನದಂತಿದೆ. ಇಂಗ್ಲಿಷಿನಲ್ಲಿ ಪದದ ಮೊದಲಲ್ಲಿ ಒತ್ತಿ ಹೇಳುವ ಪ, ಟ, ಕಗಳಿಗೆ ಉಸಿರು ಸೇರುತ್ತದೆ. ‘ಕೋಟ್’ ಎಂಬುದು ಅವರ ಬಾಯಲ್ಲಿ ಹೆಚ್ಚುಕಡಿಮೆ ‘ಖೋಟ್’. ಉಸಿರಿಲ್ಲದೆ ಹೇಳಿದರೆ ಕೆಲವರ ಕಿವಿಗೆ ಅದು ‘ಗೋಟ್’ ಆಗಿ ಬೀಳುವ ಸಂಭವವುಂಟು. ಅಂಗಿ ಹೋಗಿ ಆಡು ಬರುತ್ತದೆ. ಅಲ್ಪಪ್ರಾಣ-ಮಹಾಪ್ರಾಣ ಎಂದು ಮೊದಲನೇ ಇಯತ್ತೆಯಲ್ಲೇ ಉರು ಹೊಡೆಸುವ ಲಿಪಿ ನಮ್ಮದು. ಆದರೆ ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆಯುವಾಗ ಅಲ್ಪಪ್ರಾಣವನ್ನೇ ಹಾಕುತ್ತೇವೆ, ಹಾಗೇ ಓದುತ್ತೇವೆ. ಫಲಕದ ಮೇಲೆ ಒಮ್ಮೆ ಖ, ಠ ಬರೆದು ತೋರಿಸಿದರೆ ಐದು ನಿಮಿಷದ ಕೆಲಸ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಕಣ್ಣು ತೆರೆಸಿದ್ದು ವಾಕ್ಯದ ಒತ್ತು. ‘ಐ ಆಸ್ಕ್ಡ್ ಫಾರ್ ಟೂ ಟಿಕೆಟ್ಸ್’ ಎಂಬ ವಾಕ್ಯದಲ್ಲಿ ಯಾವ ಪದದ ಮೇಲೆ ದನಿ ಏರುತ್ತದೋ ಅದರ ಮೇಲೆ ಅರ್ಥ ತಿರುಗುತ್ತದೆ. ಕನ್ನಡಕ್ಕೆ ದನಿಯ ಗೊಡವೆ ಅಷ್ಟಿಲ್ಲ. ಅದು ‘ಏ’ ಎಂಬ ಒಂದು ಪುಟ್ಟ ಪ್ರತ್ಯಯ ಅಂಟಿಸಿ ಕೆಲಸ ಮುಗಿಸುತ್ತದೆ. ‘ನಾನೇ ಎರಡು ಟಿಕೀಟು ಕೇಳಿದ್ದು’, ‘ನಾ ಎರಡೇ ಟಿಕೀಟು ಕೇಳಿದ್ದೆ’. ಈ ‘ಏ’ಯನ್ನು ಇಂಗ್ಲಿಷಿಗೆ ಹೊತ್ತೊಯ್ಯಲು ನಾವು ಹುಡುಕಿಕೊಂಡ ಪದ ‘ಓನ್ಲಿ’: ‘ಯೆಸ್ಟರ್‌ಡೇ ಓನ್ಲಿ ಐ ಕೇಮ್’. ನಿನ್ನೆಯೇ ಬಂದೆ ಎಂಬುದು ನಮ್ಮ ಲೆಕ್ಕ. ಕೇಳುವವನಿಗೆ ‘ನಿನ್ನೆ ಮಾತ್ರ ಬಂದೆ’ ಎಂದು ಕೇಳಿಸಿ, ಹಾಗಾದರೆ ಇವತ್ತು ಇಲ್ಲಿ ನಿಂತಿರುವುದು ಯಾರು ಎಂದು ಗಲಿಬಿಲಿ. ಈಗ ನಾನು ಕ್ಲಾಸಿನಲ್ಲಿ ಮೊದಲು ಕನ್ನಡ ವಾಕ್ಯ ಹೇಳಿಸುತ್ತೇನೆ, ‘ಏ’ ಎಲ್ಲಿ ಬಿತ್ತು ಎಂದು ಕೇಳುತ್ತೇನೆ, ಇಂಗ್ಲಿಷಿನಲ್ಲಿ ಅದೇ ಪದದ ಮೇಲೆ ದನಿ ಏರಿಸು ಅನ್ನುತ್ತೇನೆ. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಬಳಸಬಾರದು ಎಂಬ ಹಳೆಯ ಕಟ್ಟಳೆಯನ್ನು ನಾನು ಮುರಿದದ್ದು ಇದೇ ಕಾರಣಕ್ಕೆ.

ವ್ಯಾಕರಣದ್ದೂ ಇದೇ ಕಥೆ. ವಿಯೆನ್ನಾದಲ್ಲಿ ಬಾರ್ಬರಾ ಸೈಡ್ಲ್‌ಹೋಫರ್ ಮತ್ತು ಅವರ ತಂಡ ಬೇರೆ ಬೇರೆ ತಾಯ್ನುಡಿಯವರು ಆಡಿದ ಇಂಗ್ಲಿಷ್ ಮಾತನ್ನು ಸುಮಾರು 10 ಲಕ್ಷ ಪದಗಳಷ್ಟು ದಾಖಲಿಸಿ ಬರಹಕ್ಕಿಳಿಸಿದರು. ‘ಹಿ ಗೋ’, ‘ಡಿಸ್ಕಸ್ ಅಬೌಟ್’ ಥರದವು, ‘ಎ-ದಿ’ ಬಿಟ್ಟುಹೋದವು ಅಲ್ಲಿ ಬೇಕಾದಷ್ಟು. ಸಾಮಾನ್ಯವಾಗಿ ಯಾರೂ ಅದಕ್ಕೆ ತಡವರಿಸಲಿಲ್ಲ. ತಡವರಿಸಿದ್ದು ಕೆಲವೊಮ್ಮೆ ಪದ ಗೊತ್ತಿಲ್ಲದ್ದಕ್ಕೆ, ಇನ್ನು ಕೆಲವೊಮ್ಮೆ ಒಬ್ಬನಿಗಷ್ಟೇ ಗೊತ್ತಿರುವ ನುಡಿಗಟ್ಟು ನಡುವೆ ಬಂದದ್ದಕ್ಕೆ. ‘ನನ್ನ ಹೊಟ್ಟಿ ಮ್ಯಾಲೆ ಕಲ್ಲು ಹಾಕಿದ್ರಿ’ ಎಂದು ನಾವು ಇಂಗ್ಲಿಷಿನಲ್ಲಿ ಪದಶಃ ಹೇಳಿದರೆ ಎದುರಿನವ ಆಂಬುಲೆನ್ಸ್ ಕರೆದಾನು. ಲಂಡನ್ನಿನವನೂ ತನ್ನ ನುಡಿಗಟ್ಟು ಬಳಸಿ ಇದೇ ತಪ್ಪು ಮಾಡುತ್ತಾನೆ. ಅವನನ್ನು ಮಾತ್ರ ಯಾರೂ ಪೀರಿಯಡ್ ಪೂರ್ತಿ ನಿಲ್ಲಿಸುವುದಿಲ್ಲ.

ನಮ್ಮ ದೇಶದೊಳಗೆ ಚಲಾವಣೆಯಿರುವ ಇಂಗ್ಲಿಷ್ ನಾಣ್ಯಗಳೂ ಗಡಿ ದಾಟಿದರೆ ಸವಕಲು. ‘ಔಟ್ ಆಫ್ ಸ್ಟೇಷನ್’ ಅಂದರೆ ಹೊರಗಿನವನು ರೈಲ್ವೆ ನಿಲ್ದಾಣ ನೆನೆಯುತ್ತಾನೆ. ಕಾಲೇಜಿನಿಂದ ‘ಪಾಸ್ಡ್ ಔಟ್’ ಅಂದರೆ ಮೂರ್ಛೆ ಹೋದ ಎಂದೂ ಆದೀತು. ‘ಐ ಹ್ಯಾವ್ ಎ ಡೌಟ್’ ಎಂದು ಮುಗ್ಧವಾಗಿ ಪ್ರಶ್ನೆ ಕೇಳಲು ಎದ್ದವನು ನನ್ನನ್ನೇ ಅನುಮಾನಿಸುತ್ತಿದ್ದಾನೆ ಎಂದು ಭಾಷಣಕಾರನಿಗೆ ಅನಿಸಬಹುದು. ಲಕ್ಷ-ಕೋಟಿಯಂತೂ ಹಣದ ವಿಷಯ. 15 ಲಕ್ಷವನ್ನು ಒಂದೂವರೆ ಮಿಲಿಯನ್ ಎಂದು ತಕ್ಷಣ ತಿರುಗಿಸಲು ಬಾರದವನು ರಫ್ತಿನ ಫೋನ್ ಎತ್ತದಿರುವುದೇ ಲೇಸು. ಇವನ್ನು ತಪ್ಪು ಎಂದು ಕರೆಯಲು ನನಗೆ ಮನಸ್ಸಿಲ್ಲ. ಬೆಂಗಳೂರಿನವನೊಡನೆ ಆಡುವಾಗ ಇವೇ ಸರಿ. ಯಾರೊಡನೆ ಯಾವುದು ನಡೆಯುತ್ತದೆ ಎಂಬ ಅರಿವು ಬೇಕು, ಅಷ್ಟೇ. ದುರ್ಗದ ಬೈಲಿನ ಬಳೆಗಾರನಿಗೆ ಅದು ಇದ್ದೇ ಇದೆ.

ತಿಳಿಯದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಭೀಕರ ಉದಾಹರಣೆ ವಿಮಾನಯಾನದ್ದು. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ದಟ್ಟ ಮಂಜು. ಡಚ್ ವಿಮಾನದಿಂದ ‘ವಿ ಆರ್ ನೌ ಅಟ್ ಟೇಕಾಫ್’ ಎಂಬ ಮಾತು ಬಂತು. ಏರಲು ಓಡುತ್ತಿದ್ದೇವೆ ಎಂಬುದು ಅವರ ಅರ್ಥ. ಸ್ಪ್ಯಾನಿಷ್ ನಿಯಂತ್ರಕನಿಗೆ ಅದು ಏರುವ ಜಾಗದಲ್ಲಿ ನಿಂತಿದ್ದೇವೆ ಎಂದು ಕೇಳಿಸಿತು. ಅವನು ‘ಓಕೆ’ ಅಂದ, ಕಾಯಿರಿ ಎಂದೂ ಸೇರಿಸಿದ. ಅಷ್ಟರಲ್ಲಿ ರೇಡಿಯೋ ಮಾತುಗಳು ಒಂದರ ಮೇಲೊಂದು ಬಿದ್ದು ಸಿಳ್ಳೆಯಂಥ ಸದ್ದಾಯಿತು. ಅದೇ ರನ್‌ವೇ ಮೇಲಿದ್ದ ಅಮೆರಿಕದ ವಿಮಾನಕ್ಕೆ ಡಿಕ್ಕಿಯಾಗಿ 583 ಜನ ಸತ್ತರು. ಮಂಜು, ಅವಸರ, ರೇಡಿಯೋ ಎಲ್ಲವೂ ಕಾರಣವೇ. ಆದರೆ ಆ ಎರಡು ಬಾಯಿಗಳ ನಡುವೆ ಇದ್ದದ್ದು ಇಬ್ಬರಿಗೂ ತಾಯ್ನುಡಿಯಲ್ಲದ ಇಂಗ್ಲಿಷ್. ಆಮೇಲೆ ‘ಟೇಕಾಫ್’ ಎಂಬ ಪದವನ್ನು ನಿಜವಾಗಿ ಅನುಮತಿ ಕೊಡುವಾಗಲೋ ರದ್ದು ಮಾಡುವಾಗಲೋ ಮಾತ್ರ ಆಡಬೇಕೆಂದು ಬಿಗಿ ಮಾಡಿದರು. 2008ರಿಂದ ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳಿಗೂ ನಿಯಂತ್ರಕರಿಗೂ ಇಂಗ್ಲಿಷ್ ಮಟ್ಟದ ಕಟ್ಟಳೆ ಬಂತು. ಅದರಲ್ಲಿ ಆರು ಮೆಟ್ಟಿಲು, ನಾಲ್ಕನೆಯದು ಕನಿಷ್ಠ. ಆ ನಾಲ್ಕನೆಯ ಮೆಟ್ಟಿಲಿನಲ್ಲಿ ಉಚ್ಚಾರಕ್ಕೆ ತಾಯ್ನುಡಿಯ ನೆರಳು ಇರಬಹುದು ಎಂದೇ ಬರೆದಿದೆ, ತಿಳಿಯುವುದಕ್ಕೆ ಪದೇಪದೇ ಅಡ್ಡಿ ಬರಬಾರದು ಅಷ್ಟೇ. ನೂರಾರು ಜೀವಗಳ ಭಾರ ಹೊತ್ತವನಿಗೆ ಸಿಕ್ಕ ಈ ರಿಯಾಯಿತಿ ಯೆಗ್ಗು ಅಂದ ಹುಡುಗನಿಗೆ ಸಿಕ್ಕಿರಲಿಲ್ಲ.

ಮಾತು ಮುರಿದಾಗ ಅದನ್ನು ಹೊಲಿಯುವ ಕಲೆಯನ್ನು ನಾವು ಕಲಿಸುವುದೇ ಇಲ್ಲ. ಪ್ಯಾಟಿಯಲ್ಲಿ ‘ಏನಂದ್ರಿ?’, ‘ಹಂಗಂದ್ರ?’, ‘ಅಂದ್ರ ಡಜನ್ನಿಗೆ ನಲವತ್ತು, ಹೌದಲ್ಲೋ?’ ಎಂದು ಕೇಳದೆ ಒಂದು ವ್ಯಾಪಾರವೂ ಮುಗಿಯುವುದಿಲ್ಲ. ಕ್ಲಾಸಿನಲ್ಲಿ ‘ತಿಳೀಲಿಲ್ರಿ’ ಅಂದವನೇ ದಡ್ಡ. ಹತ್ತು ವರ್ಷ ಇಂಗ್ಲಿಷ್ ಓದಿದ ಮಕ್ಕಳಿಗೆ ಮೂರು ರೀತಿಯ ‘ಇನ್ನೊಮ್ಮೆ ಹೇಳಿ’ ಬರುವುದಿಲ್ಲ, ಆದರೆ ವಿದ್ಯಾವಂತಿಕೆಯ ಮೇಲೆ ಇಪ್ಪತ್ತು ಸಾಲಿನ ನಿಬಂಧ ಬಾಯಿಪಾಠ ಬರುತ್ತದೆ.

ಇದಕ್ಕೆ ದಾರಿ ಹುಡುಕಲು ದೂರ ಹೋಗಬೇಕಿಲ್ಲ. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾದಾ ಶಾಲೆಗಳಲ್ಲಿ ನಡೆಸಿದ ಪ್ರಯೋಗಕ್ಕೆ ಜಗತ್ತಿನಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ವ್ಯಾಕರಣದ ನಿಯಮ ಹೇಳಿಕೊಡುವ ಬದಲು ಅವರು ಮಕ್ಕಳ ಮುಂದೆ ನಕ್ಷೆ, ರೈಲಿನ ವೇಳಾಪಟ್ಟಿ ಇಟ್ಟು ತಲೆ ಓಡಿಸುವ ಕೆಲಸ ಕೊಟ್ಟರು; ಭಾಷೆ ಆ ಕೆಲಸದ ಬೆನ್ನಿಗೆ ಬಂತು. ಟಾಸ್ಕ್ ಮೂಲಕ ಭಾಷೆ ಕಲಿಸುವುದು ಎಂದು ಇವತ್ತು ಜಗತ್ತೆಲ್ಲ ಮಾತಾಡುವುದರ ಒಂದು ಮುಖ್ಯ ಬೇರು ಅದು. ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಇರುವ ಊರಿನಲ್ಲಿ ವೇಳಾಪಟ್ಟಿಗೇನು ಬರ? ಒಬ್ಬನ ಕೈಗೆ ಹುಬ್ಬಳ್ಳಿ–ಗದಗ ಗಾಡಿಗಳು, ಇನ್ನೊಬ್ಬನ ಕೈಗೆ ಗದಗ–ಬಾಗಲಕೋಟೆ ಗಾಡಿಗಳು. ಚೀಟಿ ತೋರಿಸದೆ ಇಂಗ್ಲಿಷಿನಲ್ಲಿ ಕೇಳಿಕೊಂಡೇ ಸಂಜೆಯೊಳಗೆ ಬಾಗಲಕೋಟೆ ಮುಟ್ಟಬೇಕು.

ಬಹುಭಾಷೆಯ ಮಕ್ಕಳಿಗೆ ಇನ್ನೊಂದು ಸೌಕರ್ಯವೂ ಬೇಕು. ಗದಗ ಸುತ್ತಿನ ತಾಂಡಾದಿಂದ ಬಂದ ಹುಡುಗಿಗೆ ಮನೆಯಲ್ಲಿ ಲಂಬಾಣಿ, ಸಾಲಿಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ, ಆಮೇಲೆ ಇಂಗ್ಲಿಷ್. ಯೋಚನೆಯನ್ನು ಲಂಬಾಣಿಯಲ್ಲಿ ಮಾಡಿ, ಗೆಳತಿಯೊಡನೆ ಕನ್ನಡದಲ್ಲಿ ಚರ್ಚಿಸಿ, ಕೊನೆಗೆ ಇಂಗ್ಲಿಷಿನಲ್ಲಿ ಹೇಳಲು ಬಿಟ್ಟರೆ ಅದೇನೂ ಕಳ್ಳದಾರಿಯಲ್ಲ. ವೇಲ್ಸ್ ದೇಶದ ಶಾಲೆಗಳಲ್ಲಿ ಒಂದು ಭಾಷೆಯಲ್ಲಿ ಓದಿಸಿ ಇನ್ನೊಂದರಲ್ಲಿ ಬರೆಸುವ ರೂಢಿಗೆ ಸೆನ್ ವಿಲಿಯಮ್ಸ್ 1990ರ ದಶಕದಲ್ಲಿ ಒಂದು ವೆಲ್ಷ್ ಹೆಸರಿಟ್ಟರು. ಇಂಗ್ಲಿಷಿನಲ್ಲಿ ಅದು ‘ಟ್ರಾನ್ಸ್‌ಲ್ಯಾಂಗ್ವೇಜಿಂಗ್’ ಆಯಿತು. ನಮ್ಮ ಹೆಂಗಸರು ಸಂತೆಯಲ್ಲಿ ಮಾಡುವುದಕ್ಕೆ ವಿದ್ವಾಂಸರು ಕೊಟ್ಟ ಹೆಸರು ಅದು.

ಇಲ್ಲಿ ಒಂದು ಗಂಟನ್ನು ಬಿಡಿಸಿಯೇ ಮುಂದೆ ಹೋಗಬೇಕು. ಇಂಗ್ಲಿಷನ್ನು ಕಲಿಸುವುದು ಬೇರೆ, ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಲಿಸುವುದು ಬೇರೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. ಮಾಧ್ಯಮದ ಆಯ್ಕೆ ಪಾಲಕರದ್ದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಸರ್ಕಾರವೇ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಪಾಲಕರ ಆಸೆ ನನಗೆ ಅರ್ಥವಾಗುತ್ತದೆ, ಅವರನ್ನು ಬೈಯುವವರಲ್ಲಿ ನಾನಿಲ್ಲ. ಆದರೆ ದ್ಯುತಿಸಂಶ್ಲೇಷಣೆ ಏನೆಂದು ಯಾವ ಭಾಷೆಯಲ್ಲೂ ತಿಳಿಯದೆ ಅದರ ಇಂಗ್ಲಿಷ್ ವ್ಯಾಖ್ಯೆ ಒಪ್ಪಿಸುವ ಹುಡುಗನಿಗೆ ವಿಜ್ಞಾನವೂ ಬಂದಿರುವುದಿಲ್ಲ, ಇಂಗ್ಲಿಷೂ ಬಂದಿರುವುದಿಲ್ಲ. ಬೇರೆಯವರ ಮಾತಿನಲ್ಲಿ ಓದುವ ಸಂಕಟ ಈ ನೆಲಕ್ಕೆ ಹೊಸದೂ ಅಲ್ಲ. ಮುಂಬಯಿ ಆಡಳಿತದ ಕಾಲದಲ್ಲಿ ಧಾರವಾಡ ಸೀಮೆಯ ಕನ್ನಡ ಮಕ್ಕಳು ಮರಾಠಿ ಸಾಲಿಗಳಲ್ಲಿ ಕೂತಿದ್ದರು. ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲಿಗಳಿಗಾಗಿ ಹೆಣಗಿದ್ದು ಆಗಲೇ. ಇದೇ ಸೀಮೆಯ ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯನ್ನು ನಡೆಸಿದವರು. ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಎಂದ 1981ರ ವರದಿಯೂ ಅವರದೇ. ಕೀರ್ತಿನಾಥ ಕುರ್ತಕೋಟಿ, ಜಿ. ಎಸ್. ಆಮೂರ, ಶಂಕರ ಮೊಕಾಶಿ ಪುಣೇಕರ ಇವರೂ ಇಂಗ್ಲಿಷ್ ಮಾಸ್ತರರೇ. ಎರಡು ಭಾಷೆಗಳು ಒಂದೇ ತಲೆಯಲ್ಲಿ ಜಗಳವಾಡುತ್ತವೆ ಎಂಬ ಮಾತನ್ನು ಧಾರವಾಡದಲ್ಲಿ ನಿಂತು ಹೇಳುವುದು ಕಷ್ಟ.

‘ಹಂಗಾದ್ರ ತಪ್ಪು ತಿದ್ದೋದ ಬ್ಯಾಡೇನ್ರಿ?’ ಎಂದು ಪಾಲಕರ ಸಭೆಯಲ್ಲಿ ಒಬ್ಬರು ನೇರವಾಗಿ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಪರೀಕ್ಷೆಯ ಉತ್ತರಪತ್ರಿಕೆ ‘ಹಿ ಗೋ’ ಒಪ್ಪುವುದಿಲ್ಲ, ಕೆಲಸದ ಅರ್ಜಿಯೂ ಒಪ್ಪುವುದಿಲ್ಲ. ಬೆಂಗಳೂರಿನ ಸಂದರ್ಶನದ ಕೋಣೆಯಲ್ಲಿ ಕೂತವರ ಕಿವಿ ಜೆಂಕಿನ್ಸ್ ಪಟ್ಟಿ ಓದಿಕೊಂಡು ಬಂದಿರುವುದಿಲ್ಲ. ಅಲ್ಲಿ ಉಚ್ಚಾರವನ್ನು ಅಳೆಯುವ ನೆಪದಲ್ಲಿ ಮನೆತನ ಅಳೆಯುವವರೂ ಇರುತ್ತಾರೆ. ಹಾಗಾಗಿ ಬರಹಕ್ಕೆ ಒಂದು ಅಳತೆಗೋಲು, ಆಡುವ ಮಾತಿಗೆ ಒಂದು ಅಳತೆಗೋಲು ಎಂದು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬರಹದಲ್ಲಿ ‘ಎಸ್’ ಬಿಟ್ಟರೆ ಕೆಂಪು ಶಾಯಿ. ಮಾತಿನಲ್ಲಿ ಬಿಟ್ಟರೆ ತಡೆಯುವುದಿಲ್ಲ, ವಾಕ್ಯ ಮುಗಿಯಲಿ. ಸಂಪರ್ಕ ಭಾಷೆ ಎಂಬ ಹೆಸರಿನ ಮರೆಯಲ್ಲಿ ಏನನ್ನೂ ಕಲಿಸದೆ ಜಾರಿಕೊಳ್ಳುವ ಅಪಾಯವೂ ಇದೆ, ಅದನ್ನೂ ಕಂಡಿದ್ದೇನೆ.

ಈಗ ವಾರಕ್ಕೊಮ್ಮೆ ನಮ್ಮ ಕ್ಲಾಸಿನಲ್ಲಿ ‘ಬ್ಯಾಡಗಿ ಫೋನ್’ ಎಂಬ ಆಟ ನಡೆಯುತ್ತದೆ. ಒಬ್ಬರು ಮೆಣಸಿನಕಾಯಿ ಅಡತಿಯವರು, ಇನ್ನೊಬ್ಬರು ಹೊರದೇಶದ ಖರೀದಿದಾರರು. ಮುಖ ಕಾಣದಂತೆ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಬೇಕು. ಉಳಿದವರು ಕೈ-ಬಾಯಿ ಕಟ್ಟಿ ಕೂತಿರಬೇಕು ಎಂಬುದು ನಿಯಮ, ಅದು ಪಾಲನೆಯಾಗುವುದಿಲ್ಲ. ಕೊನೆಗೆ ಇಬ್ಬರೂ ಬರೆದುಕೊಂಡ ಚೀಟಿಯಲ್ಲಿ ತೂಕ, ದರ, ದಿನಾಂಕ ತಾಳೆಯಾದರೆ ಗೆದ್ದಂತೆ. ಕಳೆದ ವಾರ ಖರೀದಿದಾರನಾಗಿದ್ದ ಹುಡುಗ ಗತ್ತಿನಿಂದ ‘ಫಿಫ್ಟೀನ್ ಟನ್’ ಅಂದ. ಅಡತಿಯ ಹುಡುಗಿ, ವರ್ಷವೆಲ್ಲ ಹಿಂದಿನ ಬೆಂಚಿನಲ್ಲಿ ತುಟಿ ಹೊಲಿದುಕೊಂಡು ಕೂತವಳು, ಪೆನ್ನು ಎತ್ತಿ ಹಿಡಿದು ಒಂದು ಕ್ಷಣ ನಿಂತಳು.

‘ಸ್ಟಾಪ್, ಸ್ಟಾಪ್. ಫಿಫ್ಟೀನ್ ಆರ್ ಫಿಫ್ಟಿ? ಒನ್, ಫೈವ್? ಆರ್ ಫೈವ್, ಜೀರೋ?’

‘ಒನ್, ಫೈವ್.’

‘ಹಾಂ. ನೌ ಟೆಲ್ ರೇಟು.’